ಮುಟ್ಟು ನಿಲ್ಲೋ ಕಾಲ: ಒಬ್ಬರಿಗೆ ಸಲೀಸು, ಇನ್ನೊಬ್ಬರಿಗೆ ಸಂಕಟ, ಯಾಕೆ ಹೀಗೆ?

ಕೊಪ್ಪ: ಒಂದೇ ಬೀದಿಯ ಇಬ್ಬರು ಹೆಣ್ಣುಮಕ್ಕಳು. ಒಬ್ಬರಿಗೆ 42ಕ್ಕೇ ಮುಟ್ಟು ನಿಂತುಹೋಗಿರುತ್ತೆ. ಇನ್ನೊಬ್ಬರಿಗೆ 52 ಆದರೂ ತಿಂಗಳು ತಿಂಗಳು ಬರ್ತಾನೇ ಇರುತ್ತೆ. ಒಬ್ಬರು ‘ಯಾವಾಗ ನಿಂತಿತೋ ಗೊತ್ತೇ ಆಗಲಿಲ್ಲ’ ಅಂತಾರೆ. ಇನ್ನೊಬ್ಬರಿಗೆ ರಾತ್ರಿಯೆಲ್ಲ ಬೆವರು, ನಿದ್ದೆ ಇಲ್ಲ, ಮಾತು ಮಾತಿಗೂ ಸಿಟ್ಟು, ಅಳು.

ಇಂಥ ಸಮಯದಲ್ಲಿ ಮನೆಯಲ್ಲಿ ಕೇಳಿಬರುವ ಮೊದಲ ಮಾತು, ‘ನಮ್ಮತ್ತೆಗೆ ಏನೂ ಆಗಲಿಲ್ಲ, ನಿನಗೊಬ್ಬಳಿಗೇನು?’ ಎರಡನೇ ಮಾತು, ‘ಸುಮ್ನೆ ಗರ್ಭಕೋಶ ತೆಗೆಸಿಬಿಡು, ಕಾಟ ತಪ್ಪುತ್ತೆ.’ ಎರಡೂ ಪಕ್ಕದವರ ದೇಹ ನೋಡಿ ಇವರ ದೇಹಕ್ಕೆ ಲೆಕ್ಕ ಹಾಕುವ ಮಾತು. ಈ ಲೆಕ್ಕ ತಾಳೆ ಆಗುವುದಿಲ್ಲ. ಅದಕ್ಕೆ ಕಾರಣಗಳಿವೆ.

ನಿಂತಿದೆ ಅಂತ ಹೇಳೋದು ಯಾವಾಗ?

ಸತತ 12 ತಿಂಗಳು ಮುಟ್ಟು ಬಾರದೆ, ಅದಕ್ಕೆ ಬೇರೆ ಕಾರಣವೂ ಇಲ್ಲದಿದ್ದರೆ ಅದನ್ನು ಋತುಬಂಧ ಅಂತಾರೆ. ಜಗತ್ತಿನಲ್ಲಿ ಹೆಚ್ಚಿನವರಿಗೆ 45ರಿಂದ 55 ವರ್ಷದ ಒಳಗೆ ಇದಾಗುತ್ತೆ. ಭಾರತದಲ್ಲಿ ಸರಾಸರಿ ಸುಮಾರು 46-47. ಅಮೆರಿಕ, ಯುರೋಪಿನಲ್ಲಿ ಸುಮಾರು 51.

ಅದಕ್ಕೂ ಮೊದಲಿನ ಕೆಲವು ವರ್ಷ ಹಾರ್ಮೋನುಗಳು ಏರುಪೇರಾಗುತ್ತವೆ. ಎರಡು ತಿಂಗಳು ಬಿಟ್ಟು ಬರೋದು, ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ ಹೋಗೋದು ಎಲ್ಲ ಆಗ. ನಿಜವಾದ ತೊಂದರೆ ಹೆಚ್ಚಾಗಿ ಶುರುವಾಗೋದು ಈ ಹಂತದಲ್ಲೇ. ಪೂರ್ತಿ ಒಂದು ವರ್ಷ ಆಗುವವರೆಗೆ ಗರ್ಭ ನಿಲ್ಲುವ ಸಾಧ್ಯತೆಯೂ ಇರುತ್ತೆ ಅನ್ನೋದು ನೆನಪಿರಲಿ.

ವಯಸ್ಸಿನಲ್ಲೇ ಇಷ್ಟು ಅಂತರ ಯಾಕೆ?

ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯದಲ್ಲಿ 10ರಿಂದ 20 ಲಕ್ಷ ಅಂಡಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಅದು 3-4 ಲಕ್ಷಕ್ಕೆ ಇಳಿದಿರುತ್ತೆ. ಆಮೇಲೆ ಹೊಸದು ಹುಟ್ಟುವುದಿಲ್ಲ, ಇರೋದು ಕರಗುತ್ತಾ ಹೋಗುತ್ತೆ. ಕಣಜದಲ್ಲಿ ಎಷ್ಟು ತುಂಬಿತ್ತು, ಎಷ್ಟು ಬೇಗ ಖಾಲಿಯಾಗುತ್ತೆ ಅನ್ನೋದು ಒಬ್ಬೊಬ್ಬರಿಗೂ ಬೇರೆ. ಅಂತರದ ಅರ್ಧದಷ್ಟು ವಂಶದಿಂದಲೇ ಬರುತ್ತೆ ಎಂದು ಅವಳಿಗಳ ಅಧ್ಯಯನಗಳು ಹೇಳುತ್ತವೆ. ಹಾಗಾಗಿ ಕೇಳಬೇಕಾದ್ದು ಅತ್ತೆಯನ್ನಲ್ಲ, ತಾಯಿ ಮತ್ತು ಅಕ್ಕಂದಿರನ್ನು.

ಉಳಿದರ್ಧ ಬದುಕಿನದ್ದು. ಬೀಡಿ-ಸಿಗರೇಟು ಸೇದುವವರಲ್ಲಿ ಒಂದೆರಡು ವರ್ಷ ಮೊದಲೇ ನಿಲ್ಲುತ್ತೆ. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ (ಐಸೆಕ್) ಸಂಶೋಧಕರು 1998-99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಅಂಶಗಳನ್ನು ಇಟ್ಟುಕೊಂಡು ಇದನ್ನು ನೋಡಿದ್ದರು. ಹಳ್ಳಿಯ, ಓದು ಸಿಗದ, ಮೈಯಲ್ಲಿ ಪುಷ್ಟಿ ಇಲ್ಲದ, ಹೊಲದ ಕೆಲಸ ಮಾಡುವ ಹೆಂಗಸರಲ್ಲಿ ಮುಟ್ಟು ಬೇಗ ನಿಲ್ಲೋದು ಹೆಚ್ಚು ಅನ್ನೋದು ಅವರಿಗೆ ಕಂಡಿತ್ತು. ಅಂದರೆ ಬಡತನವೂ ಈ ಲೆಕ್ಕದಲ್ಲಿ ಸೇರಿದೆ.

‘ಆಪರೇಷನ್ ಆಗಿದೆ’ ಅಂದರೆ ಯಾವ ಆಪರೇಷನ್?

ಈ ಭಾಗದಲ್ಲಿ ಆಪರೇಷನ್ ಅಂದರೆ ಬಹುತೇಕ ಸಂತಾನಹರಣ ಚಿಕಿತ್ಸೆ. ಇದರಲ್ಲಿ ಅಂಡನಾಳ ಮುಚ್ಚುತ್ತಾರೆ ಅಷ್ಟೆ. ಅಂಡಾಶಯ ಹಾಗೇ ಇರುತ್ತೆ, ಹಾರ್ಮೋನೂ ಬರುತ್ತೆ, ಮುಟ್ಟೂ ಆಗುತ್ತೆ. ಅದರಿಂದ ಋತುಬಂಧ ಆಗುವುದಿಲ್ಲ.

ಗರ್ಭಕೋಶ ಮಾತ್ರ ತೆಗೆದರೆ ಮುಟ್ಟು ಅಂದೇ ನಿಲ್ಲುತ್ತೆ, ಆದರೆ ಅಂಡಾಶಯ ಉಳಿದಿದ್ದರೆ ಹಾರ್ಮೋನು ಮುಂದುವರಿಯುತ್ತೆ. ಆದರೂ ಇಂಥವರಲ್ಲಿ ಋತುಬಂಧ ಸ್ವಲ್ಪ ಬೇಗ ಬರುವ ಸಾಧ್ಯತೆ ಹೆಚ್ಚು. ಎರಡೂ ಅಂಡಾಶಯ ತೆಗೆದುಬಿಟ್ಟರೆ ಮಾತ್ರ ರಾತ್ರೋರಾತ್ರಿ ಋತುಬಂಧ. ನಾಲ್ಕೈದು ವರ್ಷದಲ್ಲಿ ನಿಧಾನವಾಗಿ ಆಗಬೇಕಾದ್ದು ಒಂದೇ ದಿನ ಆಗುತ್ತೆ. ಹಾಗಾಗಿ ಇವರಿಗೆ ಬಿಸಿ ಝಳ, ಸುಸ್ತು ಹೆಚ್ಚು ಜೋರು. ಮೂಳೆ ಸವೆತ ಮತ್ತು ಹೃದಯದ ತೊಂದರೆಯ ಅಪಾಯವೂ ಬೇಗ ಶುರುವಾಗುತ್ತೆ.

ಇದು ದೂರದ ಮಾತಲ್ಲ. 2015ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಸುಮಾರು 2,200 ಮಹಿಳೆಯರ ಗರ್ಭಕೋಶವನ್ನು ಅಗತ್ಯವಿಲ್ಲದೆ ತೆಗೆಯಲಾಗಿದೆ ಎಂಬ ದೂರು ರಾಜ್ಯದಲ್ಲೆಲ್ಲ ಸುದ್ದಿಯಾಗಿತ್ತು. ಅವರಲ್ಲಿ ಹೆಚ್ಚಿನವರು ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳು. ಹೊಟ್ಟೆನೋವು, ಬಿಳಿ ಮುಟ್ಟು ಅಂತ ಹೋದವರಿಗೆ ‘ಕ್ಯಾನ್ಸರ್ ಆಗಬಹುದು’ ಎಂದು ಹೆದರಿಸಿದ್ದರು ಎಂಬ ಆರೋಪವಿತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಇಂಥ ಶಸ್ತ್ರಚಿಕಿತ್ಸೆಗಳಲ್ಲಿ ಮೂರರಲ್ಲಿ ಎರಡು ಭಾಗ ಖಾಸಗಿ ಆಸ್ಪತ್ರೆಗಳಲ್ಲಿ ನಡೆಯುತ್ತೆ. ಹೆಚ್ಚಿನವರು ಹೇಳಿದ ಕಾರಣ ಅತಿಯಾದ ರಕ್ತಸ್ರಾವ. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಮಾರ್ಗಸೂಚಿ ತಂದಿತು. ಅದನ್ನು ಜಾರಿಗೆ ತರುವಂತೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ಸೂಚಿಸಿತು.

ಅತಿಸ್ರಾವಕ್ಕೆ ಮಾತ್ರೆ ಇದೆ, ಗರ್ಭಕೋಶದೊಳಗೆ ಇಡುವ ಹಾರ್ಮೋನು ಸಾಧನ ಇದೆ. ದೊಡ್ಡ ಗೆಡ್ಡೆ, ಕ್ಯಾನ್ಸರ್, ಬೇರೆ ಯಾವ ಚಿಕಿತ್ಸೆಗೂ ಬಗ್ಗದ ಸ್ರಾವ ಇದ್ದರೆ ಶಸ್ತ್ರಚಿಕಿತ್ಸೆ ಬೇಕೇ ಬೇಕು. ಆದರೆ ಅದು ಕೊನೆಯ ಮೆಟ್ಟಿಲು. ಹತ್ತೋ ಮೊದಲು ಇನ್ನೊಬ್ಬ ವೈದ್ಯರನ್ನು ಕೇಳಿ. ‘ಅಂಡಾಶಯ ಉಳಿಸ್ತೀರಾ?’ ಅಂತಲೂ ಕೇಳಿ.

ಬಿಸಿ ಝಳ ಒಬ್ಬೊಬ್ಬರಿಗೆ ಒಂದೊಂದು ಥರ

ಮೈ ತಾಪ ನೋಡಿಕೊಳ್ಳೋದು ಮೆದುಳಿನ ಒಂದು ಸಣ್ಣ ಭಾಗ. ಈಸ್ಟ್ರೋಜನ್ ಇಳಿದಾಗ ಅದು ಅತಿಸೂಕ್ಷ್ಮ ಆಗುತ್ತೆ. ಸ್ವಲ್ಪ ಕಾವು ಏರಿದರೂ ‘ಮೈ ಸುಡ್ತಿದೆ’ ಅಂದುಕೊಂಡು ರಕ್ತವನ್ನು ಚರ್ಮಕ್ಕೆ ನುಗ್ಗಿಸುತ್ತೆ, ಬೆವರು ಹರಿಸುತ್ತೆ. ಮುಖ, ಕತ್ತು, ಎದೆ ಧಗಧಗ ಅನ್ನೋದು ಅದಕ್ಕೇ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಅಂದರೆ ತಂಬಾಕು ಸೀಮೆ. ಸೊಪ್ಪು ಬೇಯಿಸುವ ದಿನಗಳಲ್ಲಿ ಬ್ಯಾರನ್ ಒಳಗಿನ ಶಾಖ ಕೊನೆಗೆ 70 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತೆ. ಒಲೆ ಮುಂದೆ, ಕಡ್ಡಿಗೆ ಸೊಪ್ಪು ಕಟ್ಟುತ್ತಾ, ನಿದ್ದೆಗೆಟ್ಟು ಕೆಲಸ ಮಾಡುವ ಹೆಂಗಸಿಗೆ ಬರುವ ಝಳ, ಫ್ಯಾನಿನ ಕೆಳಗೆ ಕೂತವರಿಗೆ ಬರುವ ಝಳ ಒಂದೇ ಅಲ್ಲ. ಬಿಸಿ ವಾತಾವರಣ, ನಿದ್ದೆಗೇಡು, ಚಿಂತೆ ಮೂರೂ ಇದನ್ನು ಕೆರಳಿಸುತ್ತವೆ. ‘ಬ್ಯಾರನ್ ಕಾವು ಇರಬೇಕು’ ಅಂತ ಎಷ್ಟೋ ಜನ ಸುಮ್ಮನಾಗೋದೂ ಉಂಟು.

ಎಷ್ಟು ದಿನ ಇರುತ್ತೆ? ಅಮೆರಿಕದಲ್ಲಿ 1996ರಲ್ಲಿ ಶುರುವಾಗಿ ಸುಮಾರು 3,300 ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದ ‘ಸ್ವಾನ್’ ಅಧ್ಯಯನದ ಉತ್ತರ: ಪದೇಪದೇ ಝಳ ಬರುವವರಿಗೆ ಅದು ಇರುವ ಅವಧಿ ನಡುಮಟ್ಟದಲ್ಲಿ 7.4 ವರ್ಷ. ಕಪ್ಪು ಜನಾಂಗದ ಮಹಿಳೆಯರಿಗೆ ಸುಮಾರು 10 ವರ್ಷ, ಜಪಾನ್ ಮೂಲದವರಿಗೆ 5ಕ್ಕೂ ಕಡಿಮೆ. ಮುಟ್ಟು ನಿಲ್ಲೋ ಮೊದಲೇ ಝಳ ಶುರುವಾದವರಿಗೆ ಅದು ಹೆಚ್ಚು ಕಾಲ ಉಳಿಯಿತು.

ಮನೆ, ಊರು ಸೇರಿದ ಲೆಕ್ಕ

1975ರಲ್ಲಿ ಮಾರ್ಷಾ ಫ್ಲಿಂಟ್ ಎಂಬ ಮಾನವಶಾಸ್ತ್ರಜ್ಞೆ ಉತ್ತರ ಭಾರತದ ರಜಪೂತ ಮಹಿಳೆಯರ ಬಗ್ಗೆ ಬರೆದರು. ಮುಟ್ಟಿನ ಏರುಪೇರು ಬಿಟ್ಟರೆ ಅವರು ಹೇಳಿಕೊಂಡ ತೊಂದರೆ ಬಹಳ ಕಡಿಮೆ. ಮುಟ್ಟು ನಿಂತಮೇಲೆ ಪರದೆಯಿಂದ ಹೊರಬಂದು ಗಂಡಸರ ಜತೆ ಕೂತು ಮಾತಾಡುವ ಸ್ವಾತಂತ್ರ್ಯ ಸಿಗುತ್ತಿತ್ತು. ಜಪಾನಿನಲ್ಲಿ ಮಾರ್ಗರೆಟ್ ಲಾಕ್ ಕೇಳಿದಾಗ ಅಲ್ಲಿನವರು ಝಳಕ್ಕಿಂತ ಭುಜ ಹಿಡಿದುಕೊಳ್ಳುವ ನೋವನ್ನೇ ಹೆಚ್ಚು ಹೇಳಿದರು.

ಈ ಕಡೆಯೂ ಅಷ್ಟೆ. ‘ಹೊರಗೆ ಕೂರೋದು’ ತಪ್ಪಿತು, ಹಬ್ಬ-ಪೂಜೆಗೆ ತಡೆ ಇಲ್ಲ ಅಂತ ಹಗುರಾಗುವವರಿದ್ದಾರೆ. ಅದೇ ವಯಸ್ಸಿಗೆ ಮಗಳ ಮದುವೆ ಸಾಲ, ಹಾಸಿಗೆ ಹಿಡಿದ ಅತ್ತೆ-ಮಾವ, ಗಂಡನ ಕುಡಿತ ಎಲ್ಲ ತಲೆ ಮೇಲೆ ಬಿದ್ದವರೂ ಇದ್ದಾರೆ. ಹಾಗಂತ ತೊಂದರೆ ಬರೀ ಮನಸ್ಸಿನದ್ದಲ್ಲ. ಹಾರ್ಮೋನು ಇಳಿಯೋದು ಎಲ್ಲರಿಗೂ ಸತ್ಯ. ಅದನ್ನು ತಡೆದುಕೊಳ್ಳೋಕೆ ಆಸರೆ ಎಷ್ಟಿದೆ ಅನ್ನೋದು ಬೇರೆ ಬೇರೆ.

ಯಾವಾಗ ತಡ ಮಾಡಬಾರದು?

* ಒಂದು ವರ್ಷ ನಿಂತಮೇಲೆ ಒಂದು ಹನಿ ರಕ್ತ ಕಂಡರೂ ‘ಮತ್ತೆ ಮುಟ್ಟಾಯ್ತು’ ಅಂದುಕೊಳ್ಳಬೇಡಿ. ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಲೇಬೇಕು.
* 40ಕ್ಕೆ ಮೊದಲೇ ನಿಂತರೆ ಪರೀಕ್ಷೆ ಬೇಕು. 45ರ ಒಳಗೆ ನಿಂತರೂ ವೈದ್ಯರಿಗೆ ತಿಳಿಸಿ. ಮೂಳೆ ಉಳಿಸಲು ಚಿಕಿತ್ಸೆ ಬೇಕಾಗಬಹುದು.
* ಗಂಟೆಗೊಂದು ಪ್ಯಾಡ್ ತೋಯುವಷ್ಟು ಸ್ರಾವ, ತಲೆಸುತ್ತು, ಏದುಸಿರು ಇದ್ದರೆ ಕಾಯಬೇಡಿ.
* ಸುಸ್ತು, ಬೆವರು, ಎದೆಬಡಿತ ಥೈರಾಯ್ಡ್ ಅಥವಾ ರಕ್ತಹೀನತೆಯಿಂದಲೂ ಬರುತ್ತೆ. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತೆ.
* ಮುಟ್ಟು ಮುಂದೂಡುವ ಮಾತ್ರೆಯನ್ನು ಮೆಡಿಕಲ್ ಸ್ಟೋರಲ್ಲಿ ಕೇಳಿ ತಗೊಂಡು ತಿಂಗಳಾನುಗಟ್ಟಲೆ ನುಂಗಬೇಡಿ. ಅಂಗಡಿಯವರೂ ಚೀಟಿ ಇಲ್ಲದೆ ಕೊಡಬಾರದು.

ಝಳ ತೀರಾ ಜಾಸ್ತಿ ಇದ್ದರೆ ಹಾರ್ಮೋನು ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡುತ್ತೆ. 60 ವರ್ಷದೊಳಗೆ, ಮುಟ್ಟು ನಿಂತ 10 ವರ್ಷದೊಳಗೆ ಶುರು ಮಾಡಿದರೆ ಒಳ್ಳೆಯದು. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ರಕ್ತ ಹೆಪ್ಪುಗಟ್ಟಿದ್ದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಹಾರ್ಮೋನು ಇಲ್ಲದ ಮಾತ್ರೆಗಳೂ ಇವೆ. ಮೂಳೆಗೆ ದಿನಾ ನಡಿಗೆ, ಬಿಸಿಲು, ರಾಗಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ ಬಿಡಬೇಡಿ.

ಮೊದಲು ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೇಳಿ. ಆಮೇಲೆ ತಾಲ್ಲೂಕು ಆಸ್ಪತ್ರೆ. ಹೆಚ್ಚಿನ ಚಿಕಿತ್ಸೆಗೆ ಮೈಸೂರಿನ ಚೆಲುವಾಂಬ ಆಸ್ಪತ್ರೆ. ಸಲಹೆಗೆ 104ಕ್ಕೆ ಕರೆ ಮಾಡಬಹುದು. ಹೋಗುವಾಗ ಕಡೆಯ ಮುಟ್ಟಿನ ತಾರೀಖು, ಎಷ್ಟು ದಿನ ಹೋಯಿತು, ಹಿಂದೆ ಯಾವ ಆಪರೇಷನ್ ಆಗಿದೆ, ತಾಯಿಗೆ ಎಷ್ಟಕ್ಕೆ ನಿಂತಿತು ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಪಕ್ಕದ ಮನೆಯವರಿಗೆ ಏನಾಯಿತು ಅನ್ನೋದಕ್ಕಿಂತ ವೈದ್ಯರಿಗೆ ಆ ಚೀಟಿಯೇ ಹೆಚ್ಚು ಉಪಯೋಗ.