ಪೂಜೆಗೆ ಮುನ್ನ ಕೋವಿ ಬರಿದಾಗಿರಲಿ

ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಇಂಗ್ಲಿಷ್ ಮೊದಲಕ್ಷರಗಳಿಂದ ಹೆಸರು ಪಡೆದ ಬೆಂಗಳೂರಿನ ಬಿಟಿಎಂ ಲೇಔಟ್‌ನಲ್ಲಿ ಆಯುಧಪೂಜೆ ಎಂದರೆ ಸ್ಕೂಟರು, ಕಾರುಗಳಿಗೆ ಹೂವು-ಕುಂಕುಮ, ಚಕ್ರದಡಿ ನಿಂಬೆಹಣ್ಣು, ರಸ್ತೆಯಲ್ಲಿ ಒಡೆದ ಬೂದುಗುಂಬಳ. ಹೆಸರಿಗೆ ಆಯುಧಪೂಜೆಯಾದರೂ ನಿಜವಾದ ಆಯುಧ ಕಾಣುವುದು ಅಪರೂಪ. ಕೊಡಗಿನಲ್ಲಿ ಹಾಗಲ್ಲ. ಅಲ್ಲಿ ಸೆಪ್ಟೆಂಬರ್ ಆರಂಭದಲ್ಲೇ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆ ಸಲ್ಲುವುದು ಕೋವಿಗೆ, ಒಡಿಕತ್ತಿಗೆ, ಪೀಚೆಕತ್ತಿಗೆ.

ಕೊಡವ ಭಾಷೆಯಲ್ಲಿ ಕೈಲ್ ಎಂದರೆ ಆಯುಧ, ಪೊಳ್ದ್ ಎಂದರೆ ಹಬ್ಬ. ಮಳೆಗಾಲದಲ್ಲಿ ಎಲ್ಲರೂ ಗದ್ದೆಗಿಳಿಯಬೇಕು, ಬೇಟೆಗೆ ಬಿಡುವಿಲ್ಲ. ಹೀಗಾಗಿ ಆಯುಧಗಳನ್ನು ಒಳಗಿಡುತ್ತಿದ್ದರು. ನಾಟಿ ಮುಗಿದ ಮೇಲೆ ಅವುಗಳನ್ನು ಹೊರತೆಗೆದು, ಶುಚಿಗೊಳಿಸಿ, ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ತೋಕ್ ಎಂದರೆ ಕೋವಿ. ಅದೇ ಋತುವಿನಲ್ಲಿ ಅರಳುವ ಹೂವಿಗೂ ಅದೇ ಹೆಸರು. ಆಮೇಲೆ ಕಡುಂಬುಟ್ಟು-ಪಂದಿಕರಿಯ ಊಟ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು ಹಾರಿಸುವ ಪದ್ಧತಿಯೂ ಕೊಡವರಲ್ಲಿದೆ.

ಈ ನಂಟಿಗೆ ಕಾನೂನಿನ ಮನ್ನಣೆಯೂ ಇದೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ನಿಶ್ಶಸ್ತ್ರೀಕರಣ ಕಾಯಿದೆಯಿಂದ ವಿನಾಯಿತಿ ಘೋಷಿಸಿದರು. ಸ್ವಾತಂತ್ರ್ಯಾನಂತರವೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿ ಮುಂದುವರಿಯಿತು. 2019ರ ಕೇಂದ್ರ ಸರ್ಕಾರದ ಅಧಿಸೂಚನೆ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ವಿನಾಯಿತಿ ಇಲ್ಲದವರು 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿ ಪಡೆಯಲೇಬೇಕು.

ಆದರೆ ಕಾನೂನಿನ ವಿನಾಯಿತಿ ಗುಂಡಿಗೆ ತಿಳಿಯದು. ಖಾಲಿ ಇದೆಯೆಂದು ನಂಬಿದ ಬಂದೂಕನ್ನು ಒರೆಸುವಾಗ ಗುಂಡು ಹಾರಿ ಪ್ರಾಣ ಹೋದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಆದ್ದರಿಂದ ಶುಚಿಗೊಳಿಸುವ ಮೊದಲ ಕೆಲಸ ಒರೆಸುವುದಲ್ಲ, ಬರಿದು ಮಾಡುವುದು.

ತೋಟಾ ಕೋವಿಯಾದರೆ ಬಾಯಿಯನ್ನು ಯಾರೂ ಇಲ್ಲದ ದಿಕ್ಕಿಗೆ ತಿರುಗಿಸಿ, ಬೆರಳನ್ನು ಟ್ರಿಗರಿನಿಂದ ದೂರವಿಟ್ಟು, ನಳಿಗೆಯ ಹಿಂಬದಿಯನ್ನು ತೆರೆಯಬೇಕು. ತೋಟಾ ಇದ್ದರೆ ತೆಗೆದು, ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ಜೋಡು ನಳಿಗೆಯಾದರೆ ಎರಡನ್ನೂ. ಬಳಿಕ ತೋಟಾಗಳನ್ನೆಲ್ಲ ಬೇರೆ ಕೋಣೆಗೆ ಸಾಗಿಸಬೇಕು.

ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ ಹೆಚ್ಚು ಮೋಸ ಮಾಡುತ್ತದೆ. ಅದನ್ನು ತೆರೆದು ನೋಡುವಂತಿಲ್ಲ. ಹಿಂದಿನ ವರ್ಷ ತುಂಬಿದ ಮದ್ದು ಈಗಲೂ ಸಿಡಿಯಬಲ್ಲದು. ಕೇಪು ತೆಗೆದ ಮೇಲೆ, ಕೋವಿಯ ಬಾಯಿಗೆ ಮುಖವಾಗಲೀ ಮೈಯಾಗಲೀ ಅಡ್ಡಬಾರದಂತೆ ನಿಂತು, ಮದ್ದು ಜಡಿಯುವ ಸರಳನ್ನು ಒಳಗೆ ಇಳಿಸಿ ಎಷ್ಟು ಆಳಕ್ಕೆ ಹೋಯಿತೆಂದು ನೋಡುವುದು ಹಳಬರ ಉಪಾಯ. ಖಾಲಿ ನಳಿಗೆಯಲ್ಲಿ ಅದು ತಳ ಮುಟ್ಟುತ್ತದೆ. ಅಷ್ಟು ಇಳಿಯದಿದ್ದರೆ ಒಳಗೆ ಏನೋ ಇದೆ ಎಂದೇ ಅರ್ಥ. ಅದನ್ನು ಕೆದಕಿ ತೆಗೆಯಲು ಹೋಗದೆ ಪರವಾನಗಿ ಪಡೆದ ಬಂದೂಕು ರಿಪೇರಿಯವರಿಗೆ ತಿಳಿಸಬೇಕು.

ಶುಚಿ ಮಾಡುವುದಾದರೂ ಏಕೆ? ಕರಿಮದ್ದು ಉರಿದ ಮೇಲೆ ಉಳಿಯುವ ಮಸಿಯಲ್ಲಿ ಲವಣಾಂಶ ಹೆಚ್ಚು. ಅದು ಗಾಳಿಯ ತೇವವನ್ನು ಹೀರಿ ನಳಿಗೆಗೆ ತುಕ್ಕು ಹಿಡಿಸುತ್ತದೆ. ಕೊಡಗಿನ ಮಳೆಯಲ್ಲಿ ಇದಕ್ಕೆ ಬಹಳ ದಿನ ಬೇಕಿಲ್ಲ. ಈ ಮಸಿಗೆ ಬಿಸಿನೀರೇ ಮದ್ದು. ತೊಳೆದು, ಒಣಬಟ್ಟೆಯಿಂದ ತೇವ ಪೂರ್ತಿ ತೆಗೆದು, ಬಂದೂಕಿನ ಎಣ್ಣೆಯನ್ನು ತೆಳ್ಳಗೆ ಸವರಬೇಕು. ಅಡುಗೆ ಎಣ್ಣೆ ಕಾಲಕ್ರಮೇಣ ಅಂಟಾಗುತ್ತದೆ. ಈಗಿನ ತೋಟಾಗಳ ಮಸಿಗೆ ಬೇರೆ ದ್ರಾವಣ ಬೇಕು. ಅದು ಉರಿಯುವ ವಸ್ತುವಾದ್ದರಿಂದ ಕಿಟಕಿ ತೆರೆದಿರಬೇಕು, ಒಲೆ-ದೀಪ ದೂರವಿರಬೇಕು. ಗುಂಡಿನ ಸೀಸ ವಿಷವಾದ್ದರಿಂದ ಕೊನೆಗೆ ಸಾಬೂನಿನಿಂದ ಕೈ ತೊಳೆಯಬೇಕು. ನಳಿಗೆಯಲ್ಲಿ ಬಟ್ಟೆಯ ಚೂರಾಗಲೀ ಪೂಜೆಯ ಹೂವಾಗಲೀ ಉಳಿದರೆ ಗುಂಡು ಹಾರಿಸಿದಾಗ ನಳಿಗೆಯೇ ಸೀಳಬಹುದು.

ಐನ್‌ಮನೆಯ ವಿಶಾಲ ಅಂಗಳಕ್ಕೂ ನಗರದ ಎರಡು ಕೋಣೆಯ ಫ್ಲಾಟಿಗೂ ಒಂದು ವ್ಯತ್ಯಾಸವಿದೆ. ಇಲ್ಲಿ ಯಾವ ದಿಕ್ಕಿಗೆ ಕೋವಿ ತಿರುಗಿಸಿದರೂ ಗೋಡೆಯಾಚೆ ಒಬ್ಬರ ಮನೆಯಿದೆ. ಖಾಲಿ ಕೋವಿಯನ್ನು ಒಂದು ಬೀಗದೊಳಗೆ, ತೋಟಾಗಳನ್ನು ಇನ್ನೊಂದು ಬೀಗದೊಳಗೆ, ಕೀಲಿಗಳನ್ನು ಮಕ್ಕಳ ಕೈಗೆ ಸಿಗದಲ್ಲಿ ಇಡುವುದು ನಗರದಲ್ಲಿ ಇನ್ನೂ ಮುಖ್ಯ. ಸಂಭ್ರಮಕ್ಕೆಂದು ಅಜಾಗರೂಕತೆಯಿಂದ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ, 2019ರ ತಿದ್ದುಪಡಿಯಂತೆ ಎರಡು ವರ್ಷಗಳವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು.

ಕೈಲ್‌ಪೊಳ್ದ್‌ನ ಕ್ರಮದಲ್ಲಿ ಒಂದು ವಿವೇಕವಿದೆ. ಕೆಲಸವಿಲ್ಲದಾಗ ಆಯುಧ ಒಳಗಿರಬೇಕು. ಹೊರಬಂದಾಗ ಮನೆಮಂದಿಯ ಕಣ್ಣೆದುರು, ಶುಚಿಯಾಗಿ ಬರಬೇಕು. ಕೋವಿಗೆ ಕೈಮುಗಿಯುವ ಸಂಪ್ರದಾಯ ಎಲ್ಲರದೂ ಅಲ್ಲ. ಅದನ್ನು ಭಯಭಕ್ತಿಯಿಂದ ಮುಟ್ಟುವ ಅಭ್ಯಾಸ ಮಾತ್ರ ಕೋವಿಯಿರುವ ಪ್ರತಿ ಮನೆಗೂ ಬೇಕು.