ದೂರದ ವಿಮಾನ ಪ್ರಯಾಣ: ಕೈಚೀಲದಲ್ಲಿ ಏನಿರಬೇಕು, ಏನಿರಬಾರದು

ನಮ್ಮ ಕರಾವಳಿಯ ಮನೆಗಳಿಗೆ ವಿಮಾನ ಪ್ರಯಾಣ ಹೊಸದೇನಲ್ಲ. 2006ರಲ್ಲಿ ಬಜ್ಪೆಯಿಂದ ದುಬಾಯಿಗೆ ನೇರ ವಿಮಾನ ಆರಂಭವಾದ ಮೇಲೆ ಗಲ್ಫ್ ಪ್ರಯಾಣ ನಮಗೆ ನೆಂಟರ ಮನೆಗೆ ಹೋಗಿ ಬಂದಷ್ಟೇ ಸಹಜವಾಯಿತು. ನಾಲ್ಕು ಗಂಟೆಯ ಆ ಹಾರಾಟಕ್ಕೆ ಕೈಚೀಲದಲ್ಲಿ ಏನಿದ್ದರೂ ನಡೆಯುತ್ತದೆ ಎಂಬ ಭಾವನೆ ಅನೇಕರಲ್ಲಿದೆ. ಆದರೆ ಈಗ ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ನೆಲೆಸಿರುವ ಮಕ್ಕಳ ಬಳಿಗೆ, ಮಗಳ ಇಲ್ಲವೆ ಸೊಸೆಯ ಬಾಣಂತನಕ್ಕೆ, ಹೊರಡುವ ತಂದೆತಾಯಿಯರ ಸಂಖ್ಯೆ ಹೆಚ್ಚುತ್ತಿದೆ. ಅವರಲ್ಲಿ ಬಹಳಷ್ಟು ಮಂದಿಗೆ ಅದೇ ಮೊದಲ ವಿಮಾನ. ಅಂಥವರಿಗಾಗಿ, ಅವರನ್ನು ಕಳುಹಿಸಿಕೊಡುವ ಮನೆಯವರಿಗಾಗಿ ಈ ಲೇಖನ.

ಉದಾಹರಣೆಗೆ ನಾವು ಕರಾವಳಿಯ ಊರನ್ನು ಬಿಟ್ಟು ಬೆಳಗಾವಿ ಜಿಲ್ಲೆಯ ಕಾಗವಾಡ ತಾಲೂಕಿನ ಮಂಗಸೂಳಿಯನ್ನು ತೆಗೆದುಕೊಂಡಿದ್ದೇವೆ. ಅದಕ್ಕೆ ಕಾರಣವಿದೆ. ಖಂಡೋಬಾನ ಜಾತ್ರೆಗೆ ಹೆಸರಾದ ಈ ಗಡಿ ಊರಿಗೆ ಜಿಲ್ಲಾಕೇಂದ್ರ ಬೆಳಗಾವಿಗಿಂತ ಮಹಾರಾಷ್ಟ್ರದ ಮಿರಜ್ ಹತ್ತಿರ. ಬೆಳಗಾವಿಯ ಸಾಂಬ್ರಾದಲ್ಲಿಯೂ ಕೊಲ್ಹಾಪುರದ ಉಜಳಾಯಿವಾಡಿಯಲ್ಲಿಯೂ ವಿಮಾನ ನಿಲ್ದಾಣಗಳಿದ್ದರೂ ಅಲ್ಲಿಂದ ದೇಶದೊಳಗಿನ ವಿಮಾನಗಳು ಮಾತ್ರ. ಅಮೆರಿಕಕ್ಕೆ ಹೊರಡುವ ಮಂಗಸೂಳಿಯ ತಾಯಿಯೊಬ್ಬರು ಮೊದಲು ಬಸ್ಸು ಇಲ್ಲವೆ ಜೀಪು ಹತ್ತಬೇಕು. ಆಮೇಲೆ ಮಿರಜಿನಿಂದ ರೈಲು ಅಥವಾ ಸಣ್ಣ ವಿಮಾನ. ಮುಂಬಯಿ ಅಥವಾ ಬೆಂಗಳೂರಿನಲ್ಲಿ ಮೂರು ಗಂಟೆ ಮುಂಚೆಯೇ ಸರತಿಯಲ್ಲಿ ನಿಲ್ಲಬೇಕು. ನಂತರ ಸಾಗರ ದಾಟುವ ವಿಮಾನ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ನಡೆಸಿದ ಮೊದಲ ನೇರ ಹಾರಾಟಕ್ಕೇ ಸುಮಾರು 17 ಗಂಟೆ ಹಿಡಿಯಿತು. ಮನೆಯ ಹೊಸ್ತಿಲು ದಾಟಿದವರು ಮಗಳ ಮನೆಯ ಬಾಗಿಲು ತಟ್ಟುವಷ್ಟರಲ್ಲಿ ಒಂದೂವರೆ ದಿನ ಕಳೆದಿರುತ್ತದೆ. ಅಷ್ಟು ಹೊತ್ತೂ ಅವರ ಕೈಗೆ ಸಿಗುವುದು ಒಂದೇ ಚೀಲ.

ಮೊದಲ ಪ್ರಶ್ನೆ

ಕೈಚೀಲ ತುಂಬುವಾಗ "ಇನ್ನೇನು ಹಿಡಿಸುತ್ತದೆ?" ಎಂದು ಕೇಳಿಕೊಳ್ಳುವುದು ವಾಡಿಕೆ. "ದೊಡ್ಡ ಪೆಟ್ಟಿಗೆ ನಮ್ಮ ಜೊತೆ ಬಂದು ಇಳಿಯದಿದ್ದರೆ ಯಾವುದಿಲ್ಲದೆ ನಡೆಯುವುದಿಲ್ಲ?" ಎಂದು ಕೇಳಿಕೊಳ್ಳುವುದು ಸರಿಯಾದ ಕ್ರಮ. ವಿಮಾನಯಾನ ಕ್ಷೇತ್ರದ ಸೀಟಾ ಸಂಸ್ಥೆಯ ವರದಿಯಂತೆ 2024ರಲ್ಲಿ ಜಗತ್ತಿನಾದ್ಯಂತ ಪ್ರತಿ ಸಾವಿರ ಪ್ರಯಾಣಿಕರಿಗೆ ಸುಮಾರು 6 ಲಗೇಜುಗಳು ತಡವಾಗಿ ಬಂದವು, ಹಾಳಾದವು ಅಥವಾ ಕಾಣೆಯಾದವು. ಹೆಚ್ಚಿನವು ಕೆಲವು ದಿನಗಳಲ್ಲಿ ಸಿಗುತ್ತವೆ. ವಿಮಾನ ಬದಲಿಸುವ ಕಡೆ ತಪ್ಪುವುದೇ ಹೆಚ್ಚು, ಮತ್ತು ಮಂಗಸೂಳಿಯಂತಹ ಊರಿನವರು ವಿಮಾನ ಬದಲಿಸದೆ ತಲುಪುವುದು ಅಪರೂಪ.

ನಮಗೇ ಒಮ್ಮೆ ಇದರ ಪಾಠವಾಗಿದೆ. ರಕ್ತದೊತ್ತಡದ ಮಾತ್ರೆಗಳನ್ನು ಭದ್ರವಾಗಿರಲಿ ಎಂದು ದೊಡ್ಡ ಪೆಟ್ಟಿಗೆಯಲ್ಲಿಟ್ಟೆವು. ಪೆಟ್ಟಿಗೆ ಬಂದದ್ದು ಮೂರನೆಯ ದಿನ. ಪರದೇಶದಲ್ಲಿ ವೈದ್ಯರ ಚೀಟಿಯಿಲ್ಲದೆ ಒಂದು ಮಾತ್ರೆಯೂ ಸಿಗುವುದಿಲ್ಲವೆಂಬುದು ಆಗ ತಿಳಿಯಿತು.

ತೂಕ, ಅಳತೆ

ಭಾರತದ ಹೆಚ್ಚಿನ ವಿಮಾನ ಸಂಸ್ಥೆಗಳು ಎಕಾನಮಿ ದರ್ಜೆಯವರಿಗೆ 7 ಕಿಲೋ ತೂಕದ ಒಂದು ಕೈಚೀಲಕ್ಕೆ ಅವಕಾಶ ಕೊಡುತ್ತವೆ. ಉದ್ದ, ಅಗಲ, ಎತ್ತರ ಮೂರನ್ನೂ ಕೂಡಿಸಿದರೆ 115 ಸೆಂಟಿಮೀಟರ್ ಮೀರಬಾರದು. ಹೊರದೇಶದ ಸಂಸ್ಥೆಗಳ ಲೆಕ್ಕ ಬೇರೆ ಇರಬಹುದು. ಟಿಕೆಟಿನಲ್ಲಿ ಬರೆದದ್ದೇ ಕೊನೆಯ ಮಾತು. ಚಕ್ರದ ಗಟ್ಟಿ ಪೆಟ್ಟಿಗೆ ಖಾಲಿಯಿದ್ದಾಗಲೇ ಎರಡು ಮೂರು ಕಿಲೋ ತೂಗುತ್ತದೆ. ಆದ್ದರಿಂದ ಹಿರಿಯರಿಗೆ ಬೆನ್ನಿಗೆ ಹಾಕುವ ಹಗುರ ಬಟ್ಟೆಚೀಲವೇ ಒಳ್ಳೆಯದು. ಒಂದು ಪರೀಕ್ಷೆ ಮಾಡಿ ನೋಡಿ: ತುಂಬಿದ ಚೀಲವನ್ನು ಪ್ರಯಾಣಿಕರೇ ತಲೆಯ ಮಟ್ಟಕ್ಕೆ ಎತ್ತಲಿ. ಎತ್ತಲಾಗದಿದ್ದರೆ ಅದು ಹೆಚ್ಚಾಯಿತು ಎಂದೇ ಅರ್ಥ.

ಆ ಚೀಲದೊಳಗೆ ಇನ್ನೊಂದು ಪುಟ್ಟ ಚೀಲವಿರಲಿ. ಪಾಸ್‌ಪೋರ್ಟ್, ಎರಡು ದಿನದ ಔಷಧಿ, ಕನ್ನಡಕ, ಫೋನು, ಸ್ವಲ್ಪ ಹಣ ಇಷ್ಟೇ ಅದರಲ್ಲಿ. ಕುತ್ತಿಗೆಗೋ ಸೊಂಟಕ್ಕೋ ಹಾಕಿಕೊಳ್ಳುವಂತಿದ್ದು, ಪ್ರಯಾಣದುದ್ದಕ್ಕೂ ಮೈಮೇಲೇ ಇರಬೇಕು. ಸಾಂಬ್ರಾ, ಉಜಳಾಯಿವಾಡಿಗಳಿಂದ ಹಾರುವಂತಹ ಸಣ್ಣ ವಿಮಾನಗಳಲ್ಲಿ ತಲೆಯ ಮೇಲಿನ ಗೂಡು ಕಿರಿದು. ಕೆಲವೊಮ್ಮೆ ಕೈಚೀಲವನ್ನೂ ಬಾಗಿಲ ಬಳಿಯೇ ತೆಗೆದುಕೊಂಡು ಕೆಳಗಿನ ಲಗೇಜಿಗೆ ಹಾಕುತ್ತಾರೆ. ಆಗ ಈ ಪುಟ್ಟ ಚೀಲವೇ ಕಾಪಾಡುತ್ತದೆ.

ಔಷಧಿ

ಕೈಚೀಲದಲ್ಲಿ ಮೊದಲ ಸ್ಥಾನ ಔಷಧಿಗೆ. ಪ್ರಯಾಣದ ದಿನಗಳಿಗಲ್ಲದೆ ಕನಿಷ್ಠ ಒಂದು ವಾರಕ್ಕೆ ಸಾಕಾಗುವಷ್ಟು ಇರಲಿ. ಮಾತ್ರೆಗಳನ್ನು ಬಿಡಿಸಿ ಡಬ್ಬಿಗೆ ಹಾಕದೆ, ಹೆಸರು ಕಾಣುವ ಪಟ್ಟಿಯಲ್ಲೇ ಒಯ್ಯಬೇಕು. ವೈದ್ಯರ ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆಗೆ ಔಷಧದ ಮೂಲ ಹೆಸರೂ ಇರಲಿ. ನಮ್ಮ ಅಂಗಡಿಯ ಹೆಸರು ಅಲ್ಲಿನವರಿಗೆ ತಿಳಿಯುವುದಿಲ್ಲ. ಇನ್ಸುಲಿನ್ನನ್ನು ಎಂದಿಗೂ ಕೆಳಗಿನ ಲಗೇಜಿಗೆ ಹಾಕಬಾರದು. ಪೆಟ್ಟಿಗೆ ತಪ್ಪುವ ಭಯ ಒಂದು. ಅಲ್ಲಿನ ಚಳಿಗೆ ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದಾಗುವುದು ಇನ್ನೊಂದು. ಹಗಲು ರಾತ್ರಿ ಅದಲುಬದಲಾಗುವುದರಿಂದ ಯಾವ ಹೊತ್ತಿಗೆ ಎಷ್ಟು ತೆಗೆದುಕೊಳ್ಳಬೇಕೆಂದು ಹೊರಡುವ ಮೊದಲೇ ವೈದ್ಯರಿಂದ ಬರೆಸಿಕೊಳ್ಳಬೇಕು.

ಗಲ್ಫ್ ಮೂಲಕ ಹೋಗುವವರು ಇನ್ನೂ ಎಚ್ಚರವಾಗಿರಬೇಕು. ನಮ್ಮಲ್ಲಿ ವೈದ್ಯರು ಬರೆದುಕೊಡುವ ಕೋಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್ ಎಂಬ ನೋವಿನ ಮಾತ್ರೆ, ಕೆಲವು ನಿದ್ರೆ ಮಾತ್ರೆಗಳು ಯು.ಎ.ಇ.ಯಲ್ಲಿ ನಿಯಂತ್ರಿತ ಔಷಧಗಳು. ಮುಂಚಿತವಾಗಿ ಅಲ್ಲಿನ ಸರ್ಕಾರದ ಅನುಮತಿ ಪಡೆಯದೆ ಒಯ್ದರೆ ಪೊಲೀಸ್ ಠಾಣೆಯವರೆಗೂ ಹೋಗಬೇಕಾದೀತು.

ಕಾಗದಪತ್ರ

ಎಲ್ಲವೂ ಫೋನಿನಲ್ಲಿದೆ ಎಂದು ಮಕ್ಕಳು ಹೇಳುತ್ತಾರೆ. ಫೋನಿನ ಬ್ಯಾಟರಿ ಮುಗಿದರೆ ತಾಯಿಯ ಬಳಿ ಏನೂ ಉಳಿಯುವುದಿಲ್ಲ. ಟಿಕೆಟು, ವೀಸಾ, ಪ್ರಯಾಣ ವಿಮೆ, ಪಾಸ್‌ಪೋರ್ಟಿನ ಮೊದಲ ಪುಟದ ಪ್ರತಿ ಕಾಗದದಲ್ಲಿರಲಿ. ಒಂದು ಹಾಳೆಯಲ್ಲಿ ಮಗನ ಅಥವಾ ಮಗಳ ವಿಳಾಸ ಮತ್ತು ಫೋನ್ ಸಂಖ್ಯೆಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದೊಡ್ಡ ಅಕ್ಷರದಲ್ಲಿ ಬರೆದಿಡಿ. ಇಂಗ್ಲಿಷ್ ಬಾರದವರು ವಲಸೆ ಅಧಿಕಾರಿಗೆ ಆ ಹಾಳೆಯನ್ನು ತೋರಿಸಿದರೂ ಅರ್ಧ ಕೆಲಸ ಆದಂತೆ. ಒಂದು ಪೆನ್ನು ಮರೆಯಬೇಡಿ. ಅಮೆರಿಕದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲೇ ಸಾಮಾನ್ಯವಾಗಿ ದೊಡ್ಡ ಪೆಟ್ಟಿಗೆಯನ್ನು ತೆಗೆದುಕೊಂಡು ಮತ್ತೆ ಒಪ್ಪಿಸಬೇಕಾಗುತ್ತದೆ; ಇದನ್ನೂ ಆ ಹಾಳೆಯಲ್ಲಿ ಬರೆದಿಟ್ಟರೆ ಗಾಬರಿಯಿರುವುದಿಲ್ಲ.

ಪವರ್ ಬ್ಯಾಂಕ್

ಹೆಚ್ಚಿನ ವಸ್ತುಗಳಿಗೆ ಕೆಳಗಿನ ಲಗೇಜೇ ಸುರಕ್ಷಿತ ಜಾಗ. ಪವರ್ ಬ್ಯಾಂಕಿಗೆ ಹಾಗಲ್ಲ. ಅದು ಕೈಚೀಲದಲ್ಲೇ ಇರಬೇಕು. ಅದರೊಳಗಿನ ಲಿಥಿಯಂ ಬ್ಯಾಟರಿ ಬಿಸಿಯೇರಿ ಹೊತ್ತಿಕೊಂಡರೆ, ಜನರಿರುವ ಕಡೆ ಅದು ಕೂಡಲೇ ಕಣ್ಣಿಗೆ ಬಿದ್ದು ನಂದಿಸಬಹುದು. ಕೆಳಗಿನ ಲಗೇಜಿನಲ್ಲಾದರೆ ತಿಳಿಯುವುದೇ ತಡವಾಗುತ್ತದೆ. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೇ ನಿಲ್ದಾಣದಲ್ಲಿ ಹೊರಡಲು ಸಿದ್ಧವಾಗಿದ್ದ ಏರ್ ಬುಸಾನ್ ವಿಮಾನದ ತಲೆಯ ಮೇಲಿನ ಗೂಡಿನಲ್ಲಿ ಬೆಂಕಿ ಎದ್ದು ವಿಮಾನವೇ ಸುಟ್ಟುಹೋಯಿತು. ಒಳಗಿದ್ದ 176 ಮಂದಿಯೂ ಬದುಕಿ ಹೊರಬಂದರು. ಪವರ್ ಬ್ಯಾಂಕೇ ಕಾರಣವಿರಬಹುದೆಂದು ತನಿಖೆ ಹೇಳಿತು. ಆದ್ದರಿಂದ ಅದನ್ನು ಮೇಲಿನ ಗೂಡಿಗೆ ಹಾಕದೆ ಪುಟ್ಟ ಚೀಲದಲ್ಲೋ ಸೀಟಿನ ಮುಂದಿನ ಜೇಬಿನಲ್ಲೋ ಇಡಿ. ವಿಮಾನದಲ್ಲಿ ಅದನ್ನು ಬಳಸಬಾರದೆಂದು ಎಮಿರೇಟ್ಸ್ ಸೇರಿದಂತೆ ಹಲವು ಸಂಸ್ಥೆಗಳು ನಿಯಮ ಮಾಡಿವೆ. ಸಾಮಾನ್ಯವಾಗಿ 100 ವ್ಯಾಟ್-ಅವರ್‌ವರೆಗಿನದಕ್ಕೆ ಅವಕಾಶವಿದೆ. ಅಂಗಡಿಯಲ್ಲಿ ಸಿಗುವ 20,000 ಎಂ.ಎ.ಎಚ್. ಪವರ್ ಬ್ಯಾಂಕು ಸುಮಾರು 74 ವ್ಯಾಟ್-ಅವರ್. ಸಂಖ್ಯೆ ಅಳಿಸಿಹೋದ ಹಳೆಯದನ್ನು ಒಯ್ಯಬೇಡಿ.

ಬುತ್ತಿ, ಪ್ರಸಾದ, ಸಂಚಿ

ನಮ್ಮ ಜನ ಬುತ್ತಿಯಿಲ್ಲದೆ ಹೊರಡುವುದಿಲ್ಲ. ಅದರಲ್ಲಿ ತಪ್ಪೂ ಇಲ್ಲ. ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಶೇಂಗಾ ಹೋಳಿಗೆ, ಕಾಗವಾಡ-ಅಥಣಿ ಕಡೆಯ ಒಣದ್ರಾಕ್ಷಿ ಇವೆಲ್ಲ ಒಣ ಪದಾರ್ಥಗಳು; ವಿಮಾನಕ್ಕೆ ಹೇಳಿ ಮಾಡಿಸಿದಂತಿವೆ. ಮೊಸರು, ತುಪ್ಪ, ಎಣ್ಣೆ ತೇಲುವ ಉಪ್ಪಿನಕಾಯಿ ಹಾಗಲ್ಲ. 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದ ಮೇಲೆ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ದ್ರವ ಪದಾರ್ಥದ ಪ್ರತಿ ಸೀಸೆ 100 ಮಿಲಿಲೀಟರ್ ಮೀರಬಾರದೆಂಬ ನಿಯಮ ಬಂತು. ಕೆಲವು ನಿಲ್ದಾಣಗಳು ಈಗ ಇದನ್ನು ಸಡಿಲಿಸಿದ್ದರೂ ನಮ್ಮ ನಿಲ್ದಾಣಗಳಿಂದ ಹೊರಡುವವರು ಇದನ್ನೇ ನಂಬಿ ನಡೆಯುವುದು ಲೇಸು. ವಿಮಾನದಲ್ಲಿ ಉಳಿದ ಬುತ್ತಿಯನ್ನು ಅಮೆರಿಕದಲ್ಲಿ ಇಳಿದಾಗ ಮುಚ್ಚಿಡಬೇಡಿ; ಕೇಳಿದಾಗ ಇದೆ ಎಂದು ಹೇಳಿದರೆ ದಂಡವಿಲ್ಲ.

ಮಂಗಸೂಳಿಯ ಮನೆಯಿಂದ ಹೊರಡುವವರ ಚೀಲಕ್ಕೆ ದೇವರ ಭಂಡಾರ ಮತ್ತು ಒಣಕೊಬ್ಬರಿ ಸೇರುವುದು ಸಹಜ. ಭಕ್ತಿಯಿಂದ ಕೊಟ್ಟದ್ದನ್ನು ಬೇಡವೆನ್ನಲು ನಾವು ಯಾರು? ಆದರೆ ತಿಳಿದಿರಲಿ: ಒಣಕೊಬ್ಬರಿಯ ಎಣ್ಣೆಯಂಶ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದೆಂಬ ಕಾರಣಕ್ಕೆ ಅದನ್ನು ಚೆಕ್-ಇನ್ ಲಗೇಜಿನಲ್ಲಿ ಒಯ್ಯುವಂತಿಲ್ಲವೆಂದು 2022ರಲ್ಲಿ ಭಾರತದ ವಿಮಾನ ಭದ್ರತಾ ಇಲಾಖೆ ತಿಳಿಸಿತು. ಅದನ್ನು ಕೈಚೀಲಕ್ಕೆ ವರ್ಗಾಯಿಸುವುದಕ್ಕಿಂತ ಮನೆಯಲ್ಲೇ ಬಿಡುವುದು ಒಳಿತು. ಭಂಡಾರ ಅರಿಸಿನದ ಪುಡಿ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ ಕೈಚೀಲದ ಪುಡಿ ಸುಮಾರು 350 ಮಿಲಿಲೀಟರ್ ಡಬ್ಬಿಗಿಂತ ಹೆಚ್ಚಿದ್ದರೆ ಪ್ರತ್ಯೇಕ ತಪಾಸಣೆಗೆ ಒಳಗಾಗುತ್ತದೆ. ಚಿಟಿಕೆಯಷ್ಟನ್ನು ಪೊಟ್ಟಣ ಕಟ್ಟಿ ಒಯ್ದರೆ ಯಾರೂ ತಡೆಯರು. ಎಲೆಅಡಿಕೆಯ ಸಂಚಿಯಲ್ಲಿ ಅಡಕತ್ತರಿಯೋ ಬೆಂಕಿಪೆಟ್ಟಿಗೆಯೋ ಉಳಿದಿದೆಯೇ ಎಂದು ಹಿಂದಿನ ರಾತ್ರಿಯೇ ನೋಡಿ. ಗಸಗಸೆ ಯು.ಎ.ಇ. ಮತ್ತು ಸೌದಿ ಅರೇಬಿಯಾಗಳಲ್ಲಿ ನಿಷಿದ್ಧ. ಮಸಾಲೆಪುಡಿಯಲ್ಲಿ ಬೆರೆತಿದ್ದರೂ ಆ ದಾರಿಯಲ್ಲಿ ಒಯ್ಯಬೇಡಿ.

ಬೇರೆಯವರ ಗಂಟು

ಹೊರಡುವ ದಿನ ಓಣಿಯವರು ಬಂದು, "ಅಲ್ಲೇ ಹತ್ತಿರ ನಮ್ಮ ಹುಡುಗನೂ ಇದ್ದಾನೆ, ಇದೊಂದು ಸಣ್ಣ ಗಂಟು ಕೊಟ್ಟುಬಿಡಿ" ಎನ್ನುತ್ತಾರೆ. ಹಳ್ಳಿಯಲ್ಲಿ ಇಲ್ಲವೆನ್ನುವುದು ಕಷ್ಟ. ಆದರೆ ಚೀಲ ಯಾರ ಕೈಯಲ್ಲಿದೆಯೋ ಅದರೊಳಗಿನ ಎಲ್ಲದಕ್ಕೂ ಅವರೇ ಹೊಣೆ. ಕೊಟ್ಟವರ ಮನಸ್ಸಿನಲ್ಲಿ ಕಪಟವಿಲ್ಲದಿದ್ದರೂ ಗಂಟಿನಲ್ಲಿ ಗಸಗಸೆಯೋ ನಿಯಂತ್ರಿತ ಮಾತ್ರೆಯೋ ಇರಬಹುದು. ಬಿಚ್ಚಿ ನೋಡದ ಯಾವುದನ್ನೂ ಒಯ್ಯಬೇಡಿ. ಇಲ್ಲವೆನ್ನುವ ಕೆಲಸವನ್ನು ಹಿರಿಯರ ಮೇಲೆ ಹೊರಿಸದೆ ಮನೆಯ ಕಿರಿಯರೇ ವಹಿಸಿಕೊಳ್ಳಲಿ; "ತೂಕ ಮುಗಿಯಿತು" ಎಂದರೆ ಯಾರೂ ಬೇಸರಪಡುವುದಿಲ್ಲ.

ಮೈಗೆ ಬೇಕಾದದ್ದು

ವಿಮಾನದೊಳಗಿನ ಗಾಳಿ ಬಹಳ ಒಣ, ಚಳಿಯೂ ಇರುತ್ತದೆ. ಒಂದು ಶಾಲು, ಕಾಲುಚೀಲ, ಒಂದು ಜೊತೆ ಬದಲಿ ಬಟ್ಟೆ, ತಪಾಸಣೆ ದಾಟಿದ ಮೇಲೆ ತುಂಬಿಸಿಕೊಳ್ಳಲು ಖಾಲಿ ನೀರಿನ ಬಾಟಲಿ ಇರಲಿ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ನಾಲ್ಕು ಗಂಟೆಗಿಂತ ಹೆಚ್ಚು ಅಲುಗಾಡದೆ ಕೂತು ಪ್ರಯಾಣ ಮಾಡುವವರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಎರಡು ಪಟ್ಟಾಗುತ್ತದೆ. ಹಾಗಾದರೂ ಅದು ಸುಮಾರು 6,000 ಮಂದಿಯಲ್ಲಿ ಒಬ್ಬರಿಗೆ ಮಾತ್ರ. ಹೆದರುವುದು ಬೇಡ, ಆಗಾಗ ಎದ್ದು ನಡೆಯಿರಿ, ನೀರು ಕುಡಿಯಿರಿ. ಕಾಲಿನ ಬಳಿ ಚೀಲಗಳನ್ನು ತುರುಕಿಕೊಂಡರೆ ಕಾಲು ಚಾಚಲೂ ಆಗುವುದಿಲ್ಲ. ಇದೂ ಕಡಿಮೆ ಒಯ್ಯಲು ಒಂದು ಕಾರಣ.

ಚೀಲವನ್ನು ಬಿಡಬೇಕಾದ ಗಳಿಗೆ

ಕರಾವಳಿಯವರಾದ ನಾವು 2010ರ ಮೇ 22ನ್ನು ಮರೆಯುವಂತಿಲ್ಲ. ದುಬಾಯಿಯಿಂದ ಬಜ್ಪೆಗೆ ಬಂದ ವಿಮಾನದ ದುರಂತದಲ್ಲಿ ಅಂದು 158 ಮಂದಿ ತೀರಿಕೊಂಡರು. ಉಳಿದವರು 8 ಮಂದಿ. ಅಪಾಯದಲ್ಲಿ ಹೊರಬರಲು ಸಿಗುವ ಕಾಲ ಎಷ್ಟು ಅಲ್ಪವೆಂಬುದನ್ನು ನಮಗೆ ಬೇರೆಯವರು ಹೇಳಬೇಕಾಗಿಲ್ಲ.

2016ರ ಆಗಸ್ಟ್ 3ರಂದು ತಿರುವನಂತಪುರದಿಂದ ಹೊರಟ ಎಮಿರೇಟ್ಸ್ ವಿಮಾನ ದುಬಾಯಿಯಲ್ಲಿ ನೆಲಕ್ಕಪ್ಪಳಿಸಿ ಹೊತ್ತಿಕೊಂಡಿತು. ಹೊಗೆಯ ನಡುವೆಯೂ ಹಲವರು ಮೇಲಿನ ಗೂಡು ತೆರೆದು ಚೀಲಗಳನ್ನು ಇಳಿಸಿಕೊಳ್ಳುತ್ತಿದ್ದರು. ಒಳಗಿದ್ದ 300 ಮಂದಿಯೂ ಪಾರಾದರು. ಆದರೆ ಬೆಂಕಿ ನಂದಿಸಲು ಬಂದಿದ್ದ ಅಗ್ನಿಶಾಮಕ ಸಿಬ್ಬಂದಿಯೊಬ್ಬರು ಕೆಲವೇ ನಿಮಿಷಗಳಲ್ಲಿ ಆದ ಸ್ಫೋಟದಲ್ಲಿ ಪ್ರಾಣ ತೆತ್ತರು. 2024ರ ಜನವರಿ 2ರಂದು ಟೋಕಿಯೊದ ಹನೇದಾ ನಿಲ್ದಾಣದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನ ಇನ್ನೊಂದು ವಿಮಾನಕ್ಕೆ ಢಿಕ್ಕಿ ಹೊಡೆದು ಉರಿದಾಗ ಅದರಲ್ಲಿದ್ದ 379 ಮಂದಿ ಸಿಬ್ಬಂದಿಯ ಮಾತು ಕೇಳಿ, ಚೀಲಗಳನ್ನು ಬಿಟ್ಟು, ಎಲ್ಲರೂ ಜೀವಂತ ಇಳಿದರು. ಅರ್ಧದಷ್ಟು ಬಾಗಿಲುಗಳಿಂದಲೇ 90 ಸೆಕೆಂಡಿನಲ್ಲಿ ಎಲ್ಲರೂ ಇಳಿಯುವಂತಿರಬೇಕು ಎಂಬ ಲೆಕ್ಕದಲ್ಲೇ ವಿಮಾನಗಳಿಗೆ ಮಾನ್ಯತೆ ಕೊಡುತ್ತಾರೆ. ಒಬ್ಬರು ಚೀಲಕ್ಕಾಗಿ ನಿಂತರೆ ಹಿಂದಿನ ಹತ್ತು ಮಂದಿ ನಿಲ್ಲಬೇಕಾಗುತ್ತದೆ.

ಕೈಚೀಲ ತುಂಬುವ ಕಡೆಯ ನಿಯಮ ಇದೇ: ಬಿಟ್ಟು ಓಡಲಾಗದಂತಹ ಯಾವುದನ್ನೂ ಅದರಲ್ಲಿ ಇಡಬೇಡಿ. ಪಾಸ್‌ಪೋರ್ಟ್, ಔಷಧಿ, ಮಕ್ಕಳ ವಿಳಾಸ ಮೈಮೇಲಿನ ಪುಟ್ಟ ಚೀಲದಲ್ಲಿದ್ದರೆ ಉಳಿದದ್ದನ್ನು ಬಿಡಲು ಮನಸ್ಸು ಹಿಂಜರಿಯುವುದಿಲ್ಲ. ಮನೆಯ ಕಿರಿಯರು ಹೊರಡುವ ಮುಂಚಿನ ಸಂಜೆ ತಂದೆತಾಯಿಯ ಪಕ್ಕ ಕುಳಿತು, ಚೀಲವನ್ನು ಒಮ್ಮೆ ಪೂರ್ತಿ ಖಾಲಿ ಮಾಡಿ, ಅವರ ಕೈಯಿಂದಲೇ ಮತ್ತೆ ತುಂಬಿಸಲಿ. ಯಾವುದು ಎಲ್ಲಿದೆಯೆಂದು ಅವರಿಗೇ ತಿಳಿದಿರಬೇಕು. ಮೂವತ್ತು ಸಾವಿರ ಅಡಿ ಎತ್ತರದಲ್ಲಿ ಕೇಳಲು ಮಕ್ಕಳು ಪಕ್ಕದಲ್ಲಿರುವುದಿಲ್ಲ. ಹೊರಟವರೆಲ್ಲರ ಪ್ರಯಾಣ ಸುಖಕರವಾಗಲಿ.