ಮಂಗಳವಾರದ ತೀರ್ಮಾನ, ಗುರುವಾರದ ಸಂಪುಟ

ತಾಷ್ಕೆಂಟ್ ಒಪ್ಪಂದದ ಪ್ರಶ್ನೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆಲ್ಲ ಬಾಯಿಪಾಠ. 1966ರ ಜನವರಿ 10. ಒಂದು ಕಡೆ ಲಾಲ್ ಬಹದ್ದೂರ್ ಶಾಸ್ತ್ರಿ, ಇನ್ನೊಂದು ಕಡೆ ಅಯೂಬ್ ಖಾನ್, ನಡುವೆ ಮಧ್ಯಸ್ಥಿಕೆ ವಹಿಸಿದವರು ಸೋವಿಯತ್ ಒಕ್ಕೂಟದ ಪ್ರಧಾನಿ ಅಲೆಕ್ಸಿ ಕೊಸಿಗಿನ್. ಆದರೆ ಅದೇ ಗೈಡಿನ ಇನ್ನೆರಡು ಪುಟ ತಿರುವಿದರೆ ಆ ಕಾಲದ ಸೋವಿಯತ್ ನಾಯಕ ಲಿಯೊನಿಡ್ ಬ್ರೆಜ್ನೆವ್ ಎಂದಿರುತ್ತದೆ. ಆಗ ಬ್ರೆಜ್ನೆವ್ ಪ್ರಧಾನಿಯೂ ಅಲ್ಲ, ರಾಷ್ಟ್ರದ ಅಧ್ಯಕ್ಷರೂ ಅಲ್ಲ. ಪ್ರಧಾನಿ ಒಬ್ಬರು, ನಾಯಕ ಇನ್ನೊಬ್ಬರು, ಇದು ಹೇಗೆ? ಬಿ.ಎ. ಕೊನೆಯ ವರ್ಷದಲ್ಲಿ ತಲೆಗೆ ಹೊಕ್ಕ ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಅಂಕಕ್ಕೆ ಬಾರದ ಪ್ರಶ್ನೆ ಎಂದು ರೂಮಿನ ಗೆಳೆಯರು ರೇಗಿಸುತ್ತಿದ್ದರು. ಆದರೂ ಗ್ರಂಥಾಲಯದಲ್ಲಿ ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದೆ.

ನಮ್ಮಲ್ಲಿ ಸಂಪುಟ ಸಭೆ ಎಂದರೆ ಏನೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ವಿಧಾನಸೌಧದಲ್ಲಿ ಸಭೆ ಮುಗಿಯುತ್ತದೆ, ಸಚಿವರೊಬ್ಬರು ಹೊರಬಂದು ಮೈಕುಗಳ ಮುಂದೆ ನಿಲ್ಲುತ್ತಾರೆ, ಹುದ್ದೆ ಭರ್ತಿಯ ಸುದ್ದಿ ಏನಾದರೂ ಇದೆಯೇ ಎಂದು ನಾವು ಮೊಬೈಲು ನೋಡುತ್ತೇವೆ. ಸಂವಿಧಾನದ 75(3)ನೇ ವಿಧಿಯ ಪ್ರಕಾರ ಕೇಂದ್ರದ ಮಂತ್ರಿಮಂಡಲ ಲೋಕಸಭೆಗೆ ಸಾಮೂಹಿಕವಾಗಿ ಹೊಣೆ. ಬಹುಮತ ಹೋದರೆ ಮನೆಗೆ ಹೋಗಬೇಕು. ಕೇರಳದಲ್ಲಿ 1957ರಲ್ಲಿ ಅಧಿಕಾರಕ್ಕೆ ಬಂದ ಕಮ್ಯುನಿಸ್ಟ್ ಸರ್ಕಾರವೂ ನಡೆದದ್ದು ಈ ಚೌಕಟ್ಟಿನಲ್ಲೇ. ಹಾಗಾಗಿ ಅದನ್ನು ಇಲ್ಲಿ ಎಳೆದು ತರುವುದು ಸರಿಯಲ್ಲ. ನಾನು ಹೇಳಹೊರಟಿರುವುದು ಒಂದೇ ಪಕ್ಷ ಇದ್ದ, ಅದು ಎಂದೂ ಸೋಲದ ದೇಶಗಳ ಮಂತ್ರಿಮಂಡಲದ ಕಥೆ.

ಮೊದಲಿಗೆ ಹಾಗೇನೂ ಇರಲಿಲ್ಲ ಎಂಬುದೇ ಸ್ವಾರಸ್ಯ. 1917ರ ಕ್ರಾಂತಿಯ ಮರುದಿನವೇ ಹುಟ್ಟಿದ ಸರ್ಕಾರಕ್ಕೆ ಜನತಾ ಕಮಿಸಾರರ ಮಂಡಳಿ ಎಂದು ಹೆಸರಿಟ್ಟರು. ಮಂತ್ರಿ ಎಂಬ ಪದಕ್ಕೆ ಝಾರ್ ಕಾಲದ ವಾಸನೆ ಇತ್ತಲ್ಲ! ಅದರ ಅಧ್ಯಕ್ಷ ಲೆನಿನ್. ಅವರು ದೇಶ ಆಳಿದ್ದು ಆ ಕುರ್ಚಿಯಿಂದಲೇ. ಸಭೆಗಳು ಮೇಲಿಂದ ಮೇಲೆ ನಡೆಯುತ್ತಿದ್ದವು. ವಿಷಯ ಮಂಡಿಸುವವರಿಗೆ 10 ನಿಮಿಷ, ಉಳಿದವರಿಗೆ ಮೊದಲ ಸಲ 5, ಎರಡನೇ ಸಲ 3 ನಿಮಿಷ ಎಂದು ಲೆನಿನ್ ಕಟ್ಟುನಿಟ್ಟು ಮಾಡಿದ್ದರು. ನಮ್ಮ ಕಾಲೇಜು ಚರ್ಚಾಕೂಟದ ಗಂಟೆ ಬಾರಿಸುವವರು ನೆನಪಾಗುತ್ತಾರೆ.

1919ರಲ್ಲಿ ಪಕ್ಷ ಐದು ಜನರ ಪಾಲಿಟ್‌ಬ್ಯೂರೊ ಮಾಡಿಕೊಂಡಿತು. ತುರ್ತು ವಿಷಯಗಳನ್ನು ಬೇಗ ಇತ್ಯರ್ಥ ಮಾಡಲಿ ಎಂಬುದು ಉದ್ದೇಶ. ಮಂಡಳಿಯಲ್ಲಿ ಒಪ್ಪಿಗೆ ಸಿಗದ ಸಚಿವರು ಅಲ್ಲಿಗೆ ಹೋಗಿ ದೂರತೊಡಗಿದರು. ನಿಧಾನವಾಗಿ ಎಲ್ಲ ಕಡತಗಳೂ ಅತ್ತ ಹರಿದವು. 1922ರಲ್ಲಿ ಪಕ್ಷದ ಪ್ರಧಾನ ಕಾರ್ಯದರ್ಶಿ ಎಂಬ, ಆಗ ಗುಮಾಸ್ತಿಕೆಯಂತೆ ಕಂಡ, ಹುದ್ದೆಗೆ ಸ್ಟಾಲಿನ್ ಬಂದರು. ಯಾರನ್ನು ಎಲ್ಲಿಗೆ ಹಾಕಬೇಕು, ಯಾರನ್ನು ಎಲ್ಲಿಂದ ತೆಗೆಯಬೇಕು ಎಂಬ ಕೆಲಸ ಅವರ ಕೈಯಲ್ಲಿತ್ತು. ಮುಂದಿನದ್ದು ನಮಗೆ ಗೊತ್ತು. 1941ರಲ್ಲಿ ಅವರು ಸರ್ಕಾರದ ಅಧ್ಯಕ್ಷತೆಯನ್ನೂ ತಾವೇ ತೆಗೆದುಕೊಂಡರು. 1946ರಲ್ಲಿ ಕಮಿಸಾರರು ಮತ್ತೆ ಮಂತ್ರಿಗಳಾದರು. ಹೆಸರು ಮರಳಿತು, ಅಧಿಕಾರ ಮರಳಲಿಲ್ಲ.

ಹಾಗಾದರೆ ಮಂತ್ರಿಗಳು ಸುಮ್ಮನೆ ಕೂತಿದ್ದರೇ? ಇಲ್ಲ. ನಮ್ಮಲ್ಲಿ ಅನೇಕರು ಅಂದುಕೊಂಡಿರುವಂತೆ ಅದು ಬರೀ ನಾಟಕ ಆಗಿರಲಿಲ್ಲ. ಉಕ್ಕು, ಕಲ್ಲಿದ್ದಲು, ರೈಲು, ಮೀನುಗಾರಿಕೆ ಹೀಗೆ ಒಂದೊಂದು ಉದ್ಯಮಕ್ಕೂ ಒಂದೊಂದು ಸಚಿವಾಲಯ. ಸಚಿವರೆಂದರೆ ದೇಶದಗಲ ಹರಡಿದ ಕಾರ್ಖಾನೆಗಳ ದೊಡ್ಡ ಮ್ಯಾನೇಜರ್ ಇದ್ದಂತೆ. ‘ಮಧ್ಯಮ ಯಂತ್ರ ನಿರ್ಮಾಣ ಸಚಿವಾಲಯ’ ಎಂಬ ಹೆಸರು ನೋಡಿ ಟ್ರ್ಯಾಕ್ಟರ್ ಮಾಡುವವರೆಂದು ತಿಳಿಯಬೇಡಿ, ಅದು ಅಣುಬಾಂಬಿನ ಇಲಾಖೆ! 1980ರ ಹೊತ್ತಿಗೆ ಮಂತ್ರಿಮಂಡಲದ ಸದಸ್ಯರು ನೂರರ ಮೇಲಿದ್ದರು. 15 ಗಣರಾಜ್ಯಗಳ ಪ್ರಧಾನಿಗಳೂ ಅದರಲ್ಲಿ ಸೇರುತ್ತಿದ್ದರು. ಅಷ್ಟು ಜನ ಕೂತು ಚರ್ಚಿಸುವುದು ಎಲ್ಲಿಂದ? ಮೂರು ತಿಂಗಳಿಗೊಮ್ಮೆ ಪೂರ್ಣ ಸಭೆ, ಉಳಿದಂತೆ ಪ್ರಿಸೀಡಿಯಂ ಎಂಬ ಒಳಗುಂಪು ದಿನದ ಕೆಲಸ ನೋಡುತ್ತಿತ್ತು. ಯೋಜನೆ, ಬೆಲೆ, ಸರಬರಾಜು ಎಲ್ಲದರ ಲೆಕ್ಕ ಅಲ್ಲಿ.

ಆದರೆ ಪ್ರತಿ ಸಚಿವಾಲಯದ ನೆತ್ತಿಯ ಮೇಲೂ ಪಕ್ಷದ ಕೇಂದ್ರ ಸಮಿತಿಯ ಒಂದು ವಿಭಾಗ ಇರುತ್ತಿತ್ತು. ಕೃಷಿ ಸಚಿವರಿಗೆ ಕೃಷಿ ವಿಭಾಗ, ಭಾರಿ ಕೈಗಾರಿಕೆಗೆ ಅದರದೇ ವಿಭಾಗ. ವಿಭಾಗದ ಮುಖ್ಯಸ್ಥನ ಹೆಸರು ಜನರಿಗೆ ಗೊತ್ತಿರಲಿಲ್ಲ, ಆದರೆ ಅವನ ಫೋನ್ ಬಂದರೆ ಸಚಿವರು ಎದ್ದು ನಿಲ್ಲಬೇಕು. ದೊಡ್ಡ ಆದೇಶಗಳು ‘ಕೇಂದ್ರ ಸಮಿತಿ ಮತ್ತು ಮಂತ್ರಿಮಂಡಲದ ನಿರ್ಣಯ’ ಎಂದು ಜಂಟಿಯಾಗಿ ಹೊರಡುತ್ತಿದ್ದವು. ಯಾರ ಹೆಸರು ಮೊದಲು ಇದೆ ನೋಡಿ.

ನೌಕರಿಗಾಗಿ ಅಧಿಸೂಚನೆ ಕಾಯುವ ನನ್ನಂಥವನಿಗೆ ಹೆಚ್ಚು ನಾಟಿದ್ದು ‘ನೊಮೆಂಕ್ಲಟುರಾ’ ಎಂಬ ಪಟ್ಟಿ. ಸಚಿವ, ಕಾರ್ಖಾನೆ ನಿರ್ದೇಶಕ, ವಿಶ್ವವಿದ್ಯಾಲಯದ ಮುಖ್ಯಸ್ಥ, ಪತ್ರಿಕೆಯ ಸಂಪಾದಕ, ನ್ಯಾಯಾಧೀಶ ಹೀಗೆ ಆಯಕಟ್ಟಿನ ಹುದ್ದೆಗಳ ಒಂದು ಪಟ್ಟಿ, ಆ ಹುದ್ದೆಗೆ ಲಾಯಕ್ಕು ಎಂದು ಪಕ್ಷ ಒಪ್ಪಿದವರ ಇನ್ನೊಂದು ಪಟ್ಟಿ. ಮೇಲಿನ ಹುದ್ದೆ ಕೇಂದ್ರ ಸಮಿತಿಗೆ, ಕೆಳಗಿನವು ಜಿಲ್ಲೆಯ ಪಕ್ಷ ಕಚೇರಿಗೆ. ಪಟ್ಟಿ ಗೋಡೆಗೆ ಅಂಟಿಸುವಂಥದ್ದಲ್ಲ, ಕೀ ಉತ್ತರ ಇಲ್ಲ, ಆಕ್ಷೇಪಣೆಗೆ ಏಳು ದಿನದ ಕಾಲಾವಕಾಶವೂ ಇಲ್ಲ. ಸಚಿವರನ್ನು ಸಂಸತ್ತು ಅಂದರೆ ಸುಪ್ರೀಂ ಸೋವಿಯತ್ ನೇಮಿಸುತ್ತದೆ ಎಂದು ಕಾಗದದಲ್ಲಿತ್ತು. ಕೈಗಳು ಒಟ್ಟಿಗೆ ಮೇಲೇಳುತ್ತಿದ್ದವು, ಅಷ್ಟೆ. 1977ರ ಸಂವಿಧಾನವಂತೂ ಈ ಎರಡನ್ನೂ ಒಂದೇ ಪುಸ್ತಕದಲ್ಲಿ ಹೇಳಿತು: 128ನೇ ವಿಧಿಯಲ್ಲಿ ಮಂತ್ರಿಮಂಡಲವೇ ಅತ್ಯುನ್ನತ ಕಾರ್ಯಾಂಗ, 6ನೇ ವಿಧಿಯಲ್ಲಿ ಸಮಾಜವನ್ನು ಮುನ್ನಡೆಸುವ ಶಕ್ತಿ ಕಮ್ಯುನಿಸ್ಟ್ ಪಕ್ಷ. 128ಕ್ಕಿಂತ 6 ಮೊದಲು ಬರುತ್ತದೆ!

ಸಚಿವರಾದ ಮಾತ್ರಕ್ಕೆ ಪಾಲಿಟ್‌ಬ್ಯೂರೊದಲ್ಲಿ ಜಾಗ ಸಿಗುತ್ತಿರಲಿಲ್ಲ. 1971ರ ಆಗಸ್ಟ್ 9ರಂದು ದೆಹಲಿಯಲ್ಲಿ ಸ್ವರಣ್ ಸಿಂಗ್ ಜತೆ ಭಾರತ-ಸೋವಿಯತ್ ಒಪ್ಪಂದಕ್ಕೆ ಸಹಿ ಹಾಕಿದ ಆಂಡ್ರೇ ಗ್ರೊಮಿಕೊ 1957ರಿಂದ ವಿದೇಶಾಂಗ ಸಚಿವರು. ಪಾಲಿಟ್‌ಬ್ಯೂರೊ ಸದಸ್ಯತ್ವ ಸಿಕ್ಕಿದ್ದು 1973ರಲ್ಲಿ. ಹದಿನಾರು ವರ್ಷ ವಿದೇಶಾಂಗ ನೀತಿಯ ಕೊನೆಯ ಮಾತು ತೀರ್ಮಾನವಾಗುವ ಮೇಜಿನಲ್ಲಿ ವಿದೇಶಾಂಗ ಸಚಿವರಿಗೆ ಮತವೇ ಇರಲಿಲ್ಲ.

ಕೊಸಿಗಿನ್ ಅವರಿಗೆ ಮತ ಇತ್ತು. ಹಾಗಾಗಿಯೇ ಅವರ ಕಥೆ ನನಗೆ ಹೆಚ್ಚು ಬೇಸರ ತರಿಸುತ್ತದೆ. ಲೆಕ್ಕದ ಮನುಷ್ಯ, ಜವಳಿ ಗಿರಣಿಯಿಂದ ಬಂದವರು. 1965ರಲ್ಲಿ ಅವರು ತಂದ ಸುಧಾರಣೆ, ಕಾರ್ಖಾನೆಗಳನ್ನು ಎಷ್ಟು ಸರಕು ತಯಾರಿಸಿದವು ಎಂಬುದರಿಂದಲ್ಲ, ಎಷ್ಟು ಮಾರಿದವು, ಎಷ್ಟು ಲಾಭ ಮಾಡಿದವು ಎಂಬುದರಿಂದ ಅಳೆಯಲು ಹೊರಟಿತ್ತು. 1968ರಲ್ಲಿ ಪ್ರಾಗ್‌ಗೆ ಟ್ಯಾಂಕುಗಳು ಹೋದ ಮೇಲೆ ಸುಧಾರಣೆ ಎಂಬ ಮಾತೇ ಅಪಶಕುನವಾಯಿತು. ಪ್ರಧಾನಿಯ ಯೋಜನೆ ಪ್ರಧಾನಿ ಇದ್ದಂತೆಯೇ ಬಾಡಿತು.

1979ರ ಮಾರ್ಚ್ 18ರಂದು ಆಫ್ಘಾನಿಸ್ತಾನದ ನಾಯಕ ತರಕಿ ಅವರೊಂದಿಗೆ ಕೊಸಿಗಿನ್ ಫೋನಿನಲ್ಲಿ ಮಾತನಾಡಿದರು. ಸೈನ್ಯ ಕಳಿಸಿ, ತಾಜಿಕ್ ಮತ್ತು ಉಜ್ಬೆಕ್ ಸೈನಿಕರಿಗೆ ನಮ್ಮ ಸಮವಸ್ತ್ರ ತೊಡಿಸಿ ಎಂದು ತರಕಿ ಬೇಡಿದರು. ಅದನ್ನು ಜಗತ್ತಿನಿಂದ ಮುಚ್ಚಿಡಲು ಆಗದು ಎಂಬುದು ಕೊಸಿಗಿನ್ ಅವರ ಉತ್ತರ. ಆ ಮಾರ್ಚಿನಲ್ಲಿ ಸೈನ್ಯ ಕಳಿಸುವುದು ಬೇಡ ಎಂದೇ ಪಾಲಿಟ್‌ಬ್ಯೂರೊ ತೀರ್ಮಾನಿಸಿತು.

ಡಿಸೆಂಬರ್ 12ಕ್ಕೆ ಎಲ್ಲ ಬದಲಾಯಿತು. ಒಂದು ಹಾಳೆ, ಟೈಪ್ ಕೂಡ ಮಾಡಿದ್ದಲ್ಲ, ಚೆರ್ನೆಂಕೊ ಕೈಬರಹ. ಶೀರ್ಷಿಕೆ ‘ಎ’ಯಲ್ಲಿನ ಪರಿಸ್ಥಿತಿ ಕುರಿತು ಎಂದು. ದೇಶದ ಹೆಸರು ಬರೆಯಲಿಲ್ಲ, ಸೈನ್ಯ ಎಂಬ ಪದ ಬಳಸಲಿಲ್ಲ. ಆಂಡ್ರೊಪೊವ್, ಉಸ್ತಿನೊವ್, ಗ್ರೊಮಿಕೊ ಹೇಳಿದ ಕ್ರಮಗಳನ್ನು ಒಪ್ಪಲಾಗಿದೆ ಎಂದಷ್ಟೇ. ಅದರ ಮೇಲೆ ಅಡ್ಡಡ್ಡವಾಗಿ ಸದಸ್ಯರ ಸಹಿಗಳಿವೆ. ಆ ದಿನ ಸಭೆಯಲ್ಲಿರದ ಪ್ರಧಾನಿ ಕೊಸಿಗಿನ್ ಸಹಿ ಅದರಲ್ಲಿಲ್ಲ. ಮಂತ್ರಿಮಂಡಲದ ಮುಂದೆ ವಿಷಯ ಬರಲಿಲ್ಲ, ಸುಪ್ರೀಂ ಸೋವಿಯತ್ ಚರ್ಚಿಸಲಿಲ್ಲ. ಎರಡು ವಾರದೊಳಗೆ ಸೈನ್ಯ ಗಡಿ ದಾಟಿತು. 1989ರ ಫೆಬ್ರುವರಿಯಲ್ಲಿ ಹಿಂತಿರುಗುವ ಹೊತ್ತಿಗೆ ಸುಮಾರು 15 ಸಾವಿರ ಸೋವಿಯತ್ ಸೈನಿಕರು ಸತ್ತಿದ್ದರು. ಹೆಚ್ಚಿನವರು ಕಡ್ಡಾಯ ಸೇವೆಗೆ ಬಂದ ಹದಿನೆಂಟು, ಇಪ್ಪತ್ತರ ಹುಡುಗರು, ಅಂದರೆ ಈ ಪುಟ ಓದುವವರ ವಯಸ್ಸಿನವರು. ಆಫ್ಘನ್ನರ ಸಾವು ಲಕ್ಷಗಳಲ್ಲಿ. ಇದಕ್ಕೆ ಯಾರು ಹೊಣೆ ಎಂದು ಕೇಳಲು ಒಂದು ಸದನ ಇರಲಿಲ್ಲ, ಕೇಳಿದರೆ ಉತ್ತರಿಸಬೇಕಾದ ಸಂಪುಟಕ್ಕೆ ವಿಷಯವೇ ಗೊತ್ತಿರಲಿಲ್ಲ.

ಕೊಸಿಗಿನ್ 1980ರ ಅಕ್ಟೋಬರಿನಲ್ಲಿ ಅನಾರೋಗ್ಯದಿಂದ ಹುದ್ದೆ ಬಿಟ್ಟರು, ಡಿಸೆಂಬರ್ 18ರಂದು ತೀರಿಕೊಂಡರು. 19 ಬ್ರೆಜ್ನೆವ್ ಹುಟ್ಟುಹಬ್ಬ. ಹದಿನಾರು ವರ್ಷ ಪ್ರಧಾನಿಯಾಗಿದ್ದವರ ಸಾವಿನ ಸುದ್ದಿ ಅಧಿಕೃತವಾಗಿ ಹೊರಬಂದದ್ದು 20ರಂದು.

ಪೂರ್ವ ಜರ್ಮನಿ ಇದೇ ಪದ್ಧತಿಯನ್ನು ಇನ್ನೂ ಶಿಸ್ತಾಗಿ ಅಳವಡಿಸಿಕೊಂಡಿತ್ತು. ಮಂಗಳವಾರ ಪಾಲಿಟ್‌ಬ್ಯೂರೊ ತೀರ್ಮಾನಿಸಬೇಕು, ಗುರುವಾರ ಮಂತ್ರಿಮಂಡಲ ಅದನ್ನು ಸರ್ಕಾರಿ ಆದೇಶ ಮಾಡಬೇಕು. ದಶಕಗಳ ಕಾಲ ಹೀಗೇ ಸಾಗಿತು. ಕೊನೆಗೆ ಆ ಪದ್ಧತಿ ಎಡವಿದ್ದೂ ಒಂದು ಗುರುವಾರವೇ, 1989ರ ನವೆಂಬರ್ 9ರಂದು.

ಬೀದಿಯಲ್ಲಿ ಜನ ತುಂಬಿದ್ದರು. ಎರಡು ದಿನ ಮೊದಲೇ ವಿಲ್ಲಿ ಸ್ಟೋಫ್ ಅವರ ಮಂತ್ರಿಮಂಡಲ ರಾಜೀನಾಮೆ ಕೊಟ್ಟು ಹಂಗಾಮಿಯಾಗಿ ಮುಂದುವರಿದಿತ್ತು. ವಿದೇಶ ಪ್ರಯಾಣದ ಹೊಸ ನಿಯಮವನ್ನು ಅಂದು ಬೆಳಿಗ್ಗೆ ಗೃಹ ಸಚಿವಾಲಯ ಮತ್ತು ಗುಪ್ತಚರ ಇಲಾಖೆಯ ನಾಲ್ವರು ಅಧಿಕಾರಿಗಳು ಬರೆದರು. ಮಧ್ಯಾಹ್ನ ಪಕ್ಷದ ನಾಯಕ ಎಗೊನ್ ಕ್ರೆಂಜ್ ಅದನ್ನು ಕೇಂದ್ರ ಸಮಿತಿಗೆ ಓದಿ ಹೇಳಿದರು. ಸಚಿವರಿಗೆ ಸಭೆಯೇ ಇಲ್ಲ, ಕಡತ ಸುತ್ತಿಗೆ ಕಳಿಸಿ ಸಂಜೆ 6ರೊಳಗೆ ಆಕ್ಷೇಪ ಬಾರದಿದ್ದರೆ ಒಪ್ಪಿಗೆ ಎಂದು ಭಾವಿಸುವ ವ್ಯವಸ್ಥೆ. ಸುದ್ದಿ ಪ್ರಕಟಿಸಬೇಕಾದದ್ದು ಮರುದಿನ ನಸುಕಿನ 4ಕ್ಕೆ.

ಓದಿ ಹೇಳುವಾಗ ಕೋಣೆಯಲ್ಲಿರದ ಗುಂಟರ್ ಶಾಬೊವ್‌ಸ್ಕಿ ಕೈಗೆ ಆ ಕಾಗದ ಬಂತು. ಅವರು ಸಂಜೆಯ ಪತ್ರಿಕಾಗೋಷ್ಠಿಯಲ್ಲಿ ಏಳು ಗಂಟೆಯ ಹೊತ್ತಿಗೆ ಅದನ್ನು ಓದಿಯೇ ಬಿಟ್ಟರು. ಯಾವಾಗಿನಿಂದ ಜಾರಿ ಎಂದು ಪತ್ರಕರ್ತರು ಕೇಳಿದರು. ಕಾಗದ ತಿರುವಿ ಹಾಕಿ, ತಮಗೆ ತಿಳಿದ ಮಟ್ಟಿಗೆ ಈಗಿನಿಂದಲೇ, ತಕ್ಷಣ ಎಂದರು. ಪಕ್ಕದಲ್ಲಿ ಕುಳಿತಿದ್ದ ವಿದೇಶ ವ್ಯಾಪಾರ ಸಚಿವ ಗೆರ್ಹಾರ್ಡ್ ಬೈಲ್, ಅದನ್ನು ಮಂತ್ರಿಮಂಡಲ ತೀರ್ಮಾನಿಸಬೇಕು ಎಂದು ಮೆಲ್ಲಗೆ ಹೇಳಿದರು. ಯಾರೂ ಕಿವಿಗೊಡಲಿಲ್ಲ. ರಾತ್ರಿ ಹನ್ನೊಂದೂವರೆ ಸುಮಾರಿಗೆ ಬೋರ್ನ್‌ಹೋಲ್ಮರ್ ಬೀದಿಯ ತಪಾಸಣಾ ಠಾಣೆಯಲ್ಲಿ ಜನರ ಒತ್ತಡ ತಡೆಯಲಾಗದೆ ಕಾವಲಿನವರು ಗೇಟು ತೆರೆದರು.